ಗಟ್ಟಿಮುಟ್ಟಾದವರೂ ಬಾಹ್ಯಾಕಾಶದಿಂದ ಸ್ಟ್ರೆಚರ್ ಮೇಲೆ ಬರುವುದು ಯಾಕೆ?

ತುಂಗಾತೀರದವಳು (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತುಂಬಾ ದಿನದಿಂದ ಕೊರೆಯುತ್ತಿದೆ.

ನಮ್ಮ ಅಮ್ಮನಿಗೆ 71 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು. ಬೇಗ ಎಬ್ಬಿಸಿ ನಿಲ್ಲಿಸಿ ಅಂತ ಡಾಕ್ಟರು ಹೇಳಿಯೇ ಕಳಿಸಿದ್ದರು. ಮನೆಗೆ ಬಂದ ಮೇಲೆ ತಪ್ಪು ಮಾಡಿದ್ದು ನಾವು. ಪಾಪ, ನೋವು ತಿನ್ನುತ್ತಿದ್ದಾರೆ, ಮಲಗಿರಲಿ ಅಂತ ಏಳು ವಾರ ಮಂಚದಿಂದ ಇಳಿಸಲೇ ಇಲ್ಲ. ಈಗ ತೊಡೆ ನನ್ನ ಎರಡು ಕೈಗಳ ಹಿಡಿತಕ್ಕೆ ಸುತ್ತಲೂ ಸಿಗುತ್ತದೆ. ಮೊದಲ ಸಲ ನಿಲ್ಲಿಸಿದಾಗ ಕಣ್ಣು ಕತ್ತಲೆ ಬಂದು ನನ್ನ ಮೇಲೆಯೇ ಕುಸಿದರು.

ಅವತ್ತು ರಾತ್ರಿ ಮೊಬೈಲಿನಲ್ಲಿ ಸುನೀತಾ ವಿಲಿಯಮ್ಸ್ ವಾಪಸು ಬಂದ 2025ರ ಮಾರ್ಚ್‌ ವಿಡಿಯೋ ಮತ್ತೆ ಬಂತು. ಎಂಟು ದಿನದ ಕೆಲಸಕ್ಕೆ ಹೋಗಿ 286 ದಿನ ಇದ್ದವರು. ಕ್ಯಾಪ್ಸೂಲಿನಿಂದ ಕೈಹಿಡಿದು ಎಬ್ಬಿಸಿ, ಸ್ಟ್ರೆಚರಿಗೆ ಹಾಕಿ ಕರೆದುಕೊಂಡು ಹೋದರು. ಅಮ್ಮನನ್ನು ಮಂಚದಿಂದ ಕುರ್ಚಿಗೆ ಕೂರಿಸುವಾಗ ನಾವು ಹಿಡಿಯುವ ಹಾಗೆಯೇ ಹಿಡಿದಿದ್ದರು. ಅಷ್ಟು ತರಬೇತಿ ಪಡೆದ, ದಿನಾ ವ್ಯಾಯಾಮ ಮಾಡುವ ಹೆಣ್ಣುಮಗಳಿಗೂ ಹಾಗಾಗುತ್ತದೆ ಅಂದರೆ ಏನರ್ಥ? ಅವರಿಗೆ ಆದದ್ದಕ್ಕೂ ನಮ್ಮ ಅಮ್ಮನಿಗೆ ಆದದ್ದಕ್ಕೂ ಸಂಬಂಧ ಇದೆಯಾ? ತಿಳಿದವರು ಹೇಳಿ.

ಧಾರವಾಡ ಫಿಸಿಯೋ

ಅಕ್ಕ, ಸಂಬಂಧ ಬಹಳ ಇದೆ. ಬಾಹ್ಯಾಕಾಶದಲ್ಲಿ ಮೈಗೆ ಏನಾಗುತ್ತದೆ ಅಂತ ಇಲ್ಲೇ ತಿಳಿಯಬೇಕಾದರೆ ವಿಜ್ಞಾನಿಗಳು ಗಟ್ಟಿಮುಟ್ಟಾದವರನ್ನು ಹಾಸಿಗೆಯಲ್ಲಿ ಮಲಗಿಸುತ್ತಾರೆ. ತಲೆ ಕಡೆ 6 ಡಿಗ್ರಿ ತಗ್ಗಿಸಿ, 60 ದಿನದವರೆಗೂ. ಊಟ, ಸ್ನಾನ, ಶೌಚ ಎಲ್ಲ ಮಲಗಿಯೇ. ಜರ್ಮನಿಯ ಕಲೋನ್‌ನಲ್ಲಿ ಇಂಥ ಪ್ರಯೋಗ ನಡೆಯುತ್ತಲೇ ಇರುತ್ತವೆ. ಅವರಿಗೂ ತೊಡೆ ಸಣ್ಣಗಾಗುತ್ತದೆ, ಮೂಳೆ ಸವೆಯುತ್ತದೆ, ಎದ್ದಾಗ ತಲೆ ತಿರುಗುತ್ತದೆ.

ಸ್ಟ್ರೆಚರ್ ವಿಚಾರ ಮೊದಲು ಹೇಳುತ್ತೇನೆ. ಅದು ಕಾಯಿಲೆಯ ಲಕ್ಷಣ ಅಲ್ಲ. ತಿಂಗಳುಗಟ್ಟಲೆ ಇದ್ದು ಬಂದವರನ್ನು ಬೀಳದ ಹಾಗೆ ಹೀಗೆಯೇ ಇಳಿಸಿಕೊಳ್ಳುವುದು ವಾಡಿಕೆ. ಸುನೀತಾ ಅವರು 2007ರಲ್ಲಿ ಬಾಸ್ಟನ್ ಮ್ಯಾರಥಾನನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಟ್ರೆಡ್‌ಮಿಲ್ ಮೇಲೆ ಓಡಿ ಮುಗಿಸಿದವರು. ಅಂಥವರಿಗೂ ಇಳಿದ ಗಳಿಗೆಯಲ್ಲಿ ಆಸರೆ ಬೇಕು.

ವ್ಯಾಯಾಮ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದು 1970ರ ಜೂನ್‌ನಲ್ಲಿ ಗೊತ್ತಾಯಿತು. ಸೋವಿಯತ್ ಒಕ್ಕೂಟದ ನಿಕೊಲಾಯೆವ್ ಮತ್ತು ಸೆವಸ್ತ್ಯಾನೊವ್ ಸೋಯುಜ್ 9ರಲ್ಲಿ ಸುಮಾರು 18 ದಿನ ಇದ್ದು ಬಂದರು. ನೌಕೆ ಚಿಕ್ಕದು, ಮೈ ಬಗ್ಗಿಸಿ ದುಡಿಯಲು ಜಾಗ ಇಲ್ಲ. ಇಳಿದ ಮೇಲೆ ಇಬ್ಬರಿಗೂ ತಮ್ಮಷ್ಟಕ್ಕೆ ನಡೆಯಲು ಆಗಲಿಲ್ಲ. ಹೊತ್ತುಕೊಂಡೇ ಹೋಗಬೇಕಾಯಿತು. ಬರೀ 18 ದಿನಕ್ಕೆ! ಅಲ್ಲಿಂದ ಮುಂದೆ ರಷ್ಯನ್ನರು ವ್ಯಾಯಾಮವನ್ನು ಊಟದ ಹಾಗೆ ಕಡ್ಡಾಯ ಮಾಡಿದರು.

ನಿಮ್ಮ ತಾಯಿಯವರದು ಏಳು ವಾರ ಅಂದರೆ 49 ದಿನ. ಬೈದುಕೊಳ್ಳಬೇಡಿ. ನನ್ನ ಹತ್ತಿರ ಬರುವ ಹತ್ತು ಮನೆಯವರಲ್ಲಿ ಎಂಟು ಮನೆಯವರು ಇದೇ ಪ್ರೀತಿಯಲ್ಲಿ ಇದೇ ತಪ್ಪು ಮಾಡಿರುತ್ತಾರೆ.

ರಿಟೈರ್ಡ್ ಮೇಷ್ಟ್ರು (ತುಮಕೂರು)

ಒಂದು ತಪ್ಪು ತಿಳಿವಳಿಕೆ ಮೊದಲೇ ಸರಿಮಾಡಿಬಿಡೋಣ. ಅಲ್ಲಿ ಗುರುತ್ವ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇದೆ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿನ ಸೆಳೆತದ ಹತ್ತರಲ್ಲಿ ಒಂಬತ್ತು ಪಾಲು ಹಾಗೆಯೇ ಇರುತ್ತದೆ.

ಜಾತ್ರೆಯ ತೊಟ್ಟಿಲು ಮೇಲಿನಿಂದ ಇಳಿಯುವಾಗ ಹೊಟ್ಟೆಯಲ್ಲಿ ಝುಂ ಅನ್ನುತ್ತದೆ ಅಲ್ವಾ? ಕೂತ ಹಲಗೆ ನಮ್ಮ ಜೊತೆಗೇ ಬೀಳುತ್ತಿರುತ್ತದೆ, ಅದಕ್ಕೇ ನಮ್ಮನ್ನು ಸರಿಯಾಗಿ ಒತ್ತುವುದಿಲ್ಲ. ನಿಲ್ದಾಣವೂ ಹಾಗೆ ಸದಾ ಬೀಳುತ್ತಲೇ ಇದೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೂ ಓಡುತ್ತಿರುವುದರಿಂದ ನೆಲಕ್ಕೆ ತಾಗುವುದಿಲ್ಲ, ಭೂಮಿಯನ್ನು ಸುತ್ತುತ್ತದೆ. ಒಳಗಿನವರಿಗೆ ಆ ಝುಂ ಆರು ತಿಂಗಳು ನಿಲ್ಲುವುದೇ ಇಲ್ಲ. ಪಾದಕ್ಕೆ ನೆಲ ಒತ್ತುವುದಿಲ್ಲ. ಬೆನ್ನುಮೂಳೆಯ ಮೇಲೆ ತಲೆಯ ಭಾರ ಕೂರುವುದಿಲ್ಲ. ಅದಕ್ಕೇ ಅಲ್ಲಿ ಹೋದವರು ಒಂದೆರಡು ಅಂಗುಲ ಎತ್ತರವಾಗುತ್ತಾರೆ, ಬಂದ ಮೇಲೆ ಮತ್ತೆ ಮೊದಲಿನಂತಾಗುತ್ತಾರೆ.

ಕಿವಿಯೊಳಗೆ ಮೇಲೆ ಕೆಳಗೆ ಗುರುತಿಸುವ ಸಣ್ಣ ಹರಳುಗಳಿವೆ. ಅವಕ್ಕೂ ಕೆಲಸ ತಪ್ಪುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. ಘಾಟಿ ರಸ್ತೆಯ ಬಸ್ಸಿನ ಹಾಗೆ ವಾಂತಿ. 1961ರ ಆಗಸ್ಟ್‌ನಲ್ಲಿ ಒಂದು ದಿನ ಪೂರ್ತಿ ಮೇಲಿದ್ದ ಗೆರ್ಮಾನ್ ತಿತೋವ್ ಇದನ್ನು ಅನುಭವಿಸಿದ ಮೊದಲಿಗರು. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮೆದುಳು ಹೊಂದಿಕೊಳ್ಳುತ್ತದೆ. ಕೆಳಗೆ ಬಂದ ಮೇಲೆ ಮತ್ತೆ ಮೊದಲಿನಿಂದ ಕಲಿಯಬೇಕು.

ಬಿಎಸ್ಸಿ ಹುಡುಗ (ಬಳ್ಳಾರಿ)

ಮೇಷ್ಟ್ರೇ, ನಮ್ಮ ಗಗನಯಾನಿ ಶುಭಾಂಶು ಶುಕ್ಲಾ ಅವರು ಇದನ್ನೇ ಹೇಳಿದ್ದರು. 2025ರ ಜುಲೈನಲ್ಲಿ ಬಂದ ಮೇಲೆ ಫೋನ್ ಕೈಗೆ ತೆಗೆದುಕೊಂಡರೆ ತುಂಬಾ ಭಾರ ಅನಿಸಿತಂತೆ. ಹಾಸಿಗೆಯಲ್ಲಿ ಕೂತು ಕೆಲಸ ಮುಗಿಸಿ ಲ್ಯಾಪ್‌ಟಾಪನ್ನು ಪಕ್ಕಕ್ಕೆ, ಗಾಳಿಯಲ್ಲಿ, ಸುಮ್ನೆ ಬಿಟ್ಟರಂತೆ. ತೇಲುತ್ತದೆ ಅಂದುಕೊಂಡು! ನೆಲಕ್ಕೆ ಕಾರ್ಪೆಟ್ ಇದ್ದದ್ದರಿಂದ ಉಳಿಯಿತು. ಬರೀ 20 ದಿನದ ಪ್ರಯಾಣಕ್ಕೆ ಕೈ ಹಾಗೆ ಪಳಗಿಬಿಟ್ಟಿತ್ತು.

ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ 2013ರಲ್ಲಿ ಇಳಿದಾಗ ತುಟಿ ಮತ್ತು ನಾಲಿಗೆಯ ಭಾರ ಗೊತ್ತಾಯಿತು ಅಂದಿದ್ದರು. ತೂಕವಿಲ್ಲದ ನಾಲಿಗೆಯಲ್ಲಿ ಮಾತಾಡಲು ಕಲಿತಿದ್ದೆ ಅನ್ನೋದು ಆಗಲೇ ತಿಳಿಯಿತಂತೆ.

ಐಸಿಯು ನರ್ಸ್ (ಮಂಗಳೂರು)

ತಲೆ ತಿರುಗುವುದು ಯಾಕೆ ಅಂತ ನಾನು ಹೇಳುತ್ತೇನೆ. ನಾವು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ. ಕಾಲಿನ ರಕ್ತನಾಳ ತಕ್ಷಣ ಬಿಗಿಯುತ್ತದೆ, ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ, ಮೆದುಳಿಗೆ ರಕ್ತ ತಪ್ಪುವುದಿಲ್ಲ. ದಿನಕ್ಕೆ ನೂರು ಸಲ ನಮಗೆ ಗೊತ್ತಿಲ್ಲದೆ ನಡೆಯುವ ಕೆಲಸ ಇದು. ಬಾಹ್ಯಾಕಾಶದಲ್ಲಿ ರಕ್ತ, ನೀರು ಎಲ್ಲ ಎದೆ ಮತ್ತು ತಲೆ ಕಡೆ ಏರುತ್ತದೆ. ಮುಖ ಊದಿ, ಕಾಲು ಕಡ್ಡಿಯಾಗುತ್ತದೆ. ಮೂಗು ಸದಾ ಕಟ್ಟಿದ ಹಾಗೆ. ಮೇಲ್ಭಾಗದಲ್ಲಿ ನೀರು ಜಾಸ್ತಿ ಇದೆ ಅಂತ ಮೈ ಅಂದುಕೊಳ್ಳುತ್ತದೆ, ರಕ್ತದ ನೀರಿನ ಅಂಶವನ್ನು ಇಳಿಸಿಬಿಡುತ್ತದೆ. ಶೇಕಡಾ 10ರಿಂದ 15ರಷ್ಟು. ಭೂಮಿಗೆ ಬಂದು ನಿಂತರೆ ಮೆದುಳಿಗೆ ಏರಲು ರಕ್ತ ಸಾಲುವುದಿಲ್ಲ. ಅದಕ್ಕೇ ಇಳಿಯುವ ಮುಂಚೆ ಉಪ್ಪಿನ ಜೊತೆ ನೀರು ಕುಡಿಸುತ್ತಾರೆ. ಕಾಲಿಗೂ ಹೊಟ್ಟೆಗೂ ಬಿಗಿಯಾದ ಉಡುಪು ಹಾಕಿಸುತ್ತಾರೆ.

ಮಲಗಿದ ಅಮ್ಮನಿಗೂ ಹೀಗೆಯೇ. ಒಮ್ಮೆಲೇ ನಿಲ್ಲಿಸಬೇಡಿ. ಮೊದಲು ತಲೆದಿಂಬು ಎತ್ತರಿಸಿ. ಆಮೇಲೆ ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಟ್ಟು ಐದು ನಿಮಿಷ. ಪಾದ ಮೇಲೆ ಕೆಳಗೆ ಆಡಿಸಲಿ. ಆಮೇಲೆ ನಿಲ್ಲಿಸಿ.

ಇನ್ನೊಂದು ಸಂಗತಿ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ನಿಲ್ದಾಣದಲ್ಲಿದ್ದ 11 ಜನರ ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದಾಗ 6 ಜನರಲ್ಲಿ ರಕ್ತ ನಿಂತೇಹೋಗಿತ್ತು, ಇಲ್ಲವೇ ಹಿಂದಕ್ಕೆ ಹರಿಯುತ್ತಿತ್ತು. ಒಬ್ಬರಿಗೆ ಅಲ್ಲೇ ರಕ್ತ ಹೆಪ್ಪುಗಟ್ಟಿತ್ತು. ಯಾವ ನೋವೂ ಇಲ್ಲ. ಪ್ರಯೋಗಕ್ಕೆ ಅಂತ ಸ್ಕ್ಯಾನ್ ಮಾಡಿಕೊಳ್ಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಆಸ್ಪತ್ರೆ 400 ಕಿಲೋಮೀಟರ್ ಕೆಳಗೆ. ಪೆಟ್ಟಿಗೆಯಲ್ಲಿದ್ದ, ಹೆಪ್ಪುಗಟ್ಟುವುದನ್ನು ತಡೆಯುವ ಎನಾಕ್ಸಪ್ಯಾರಿನ್ ಇಂಜೆಕ್ಷನ್ ಲೆಕ್ಕ ಹಾಕಿ ಹಾಕಿ ಚುಚ್ಚಿಕೊಂಡರು. ಸರಕಿನ ನೌಕೆಯಲ್ಲಿ ಅದೇ ಕೆಲಸದ ಅಪಿಕ್ಸಬಾನ್ ಮಾತ್ರೆ ಬರುವ ತನಕ ಸುಮಾರು ಆರು ವಾರ ಅದೇ. ತೇಲುವ ಜಾಗದಲ್ಲಿ ಸೀಸೆಯ ಔಷಧ ಗುಳ್ಳೆ ಗುಳ್ಳೆಯಾಗಿ ಅಂಟಿಕೊಂಡಿರುತ್ತದೆ, ಸಿರಿಂಜಿಗೆ ಎಳೆಯುವುದೇ ಕಷ್ಟ. ದಿನಾ ಆ ಸಿರಿಂಜ್ ಹಿಡಿಯುವ ನನಗೆ ಅದು ಕಣ್ಣಿಗೆ ಕಟ್ಟಿತು. ಅವರು ಕ್ಷೇಮವಾಗಿ ವಾಪಸಾದರು, ಅವರ ಹೆಸರು ಹೊರಗೆ ಬರಲಿಲ್ಲ. 2020ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ತುಂಗಾತೀರದವಳು (ಶಿವಮೊಗ್ಗ)

ಸಿಸ್ಟರ್, ಎನಾಕ್ಸಪ್ಯಾರಿನ್ ಅಂದರೆ ಆಪರೇಷನ್ ಆದಮೇಲೆ ಅಮ್ಮನ ಹೊಟ್ಟೆಗೆ ದಿನಾ ಚುಚ್ಚುತ್ತಿದ್ದರಲ್ಲ, ಅದೇನಾ? ಡಿಸ್ಚಾರ್ಜ್ ಚೀಟಿಯಲ್ಲಿ ಅದೇ ಹೆಸರಿದೆ. ಹೊಕ್ಕುಳ ಪಕ್ಕ ಈಗಲೂ ನೀಲಿ ಕಲೆ ಇದೆ.

ಐಸಿಯು ನರ್ಸ್ (ಮಂಗಳೂರು)

ಅದೇ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಿರಲಿ ಅಂತ. ಮಲಗಿದವರಿಗೆ ಸಾಮಾನ್ಯವಾಗಿ ಕಾಲಲ್ಲಿ ನಿಲ್ಲುತ್ತದೆ, ಅಲ್ಲಿ ಕುತ್ತಿಗೆಯಲ್ಲಿ ನಿಂತಿತ್ತು. ಮೀನಖಂಡ ಊದಿಕೊಂಡರೆ, ಬಿಸಿಯಾದರೆ, ಒತ್ತಿದಾಗ ನೋವಾದರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಕನ್ನಡಕದ ಅಂಗಡಿ (ಮಂಡ್ಯ)

ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ. ದೀರ್ಘಕಾಲ ಇದ್ದವರಲ್ಲಿ ಬಹಳ ಜನರಿಗೆ ಕಣ್ಣುಗುಡ್ಡೆಯ ಹಿಂಭಾಗ ಸ್ವಲ್ಪ ಚಪ್ಪಟೆಯಾಗುತ್ತದೆ, ಕಣ್ಣಿನ ನರದ ಬುಡ ಊದಿಕೊಳ್ಳುತ್ತದೆ. ದೂರದ್ದು ಸರಿ ಕಾಣುತ್ತದೆ, ಹತ್ತಿರದ ಅಕ್ಷರ ಮಸುಕು. ನಲವತ್ತು ದಾಟಿದವರಿಗೆ ನಾವು ಕೊಡುತ್ತೇವಲ್ಲ, ಓದುವ ಪವರ್, ಅಂಥ ಕನ್ನಡಕ ಮೊದಲೇ ಮಾಡಿಸಿ ಕಳಿಸುತ್ತಾರೆ. ಕೆಲವರಿಗೆ ಬಂದ ಮೇಲೂ ಆ ಬದಲಾವಣೆ ಉಳಿಯುತ್ತದೆ. ಮೂಳೆಗೆ ವ್ಯಾಯಾಮ ಇದೆ, ಇದಕ್ಕೆ ಅಂಥ ಖಚಿತ ಉಪಾಯ ಇನ್ನೂ ಇಲ್ಲ. ಮಂಗಳ ಗ್ರಹಕ್ಕೆ ಹೋಗುವ ಮಾತು ಬಂದಾಗೆಲ್ಲ ನನಗೆ ಹೆದರಿಕೆ ಇದರದ್ದೇ.

ಬಿಎಸ್ಸಿ ಹುಡುಗ (ಬಳ್ಳಾರಿ)

ವಾಟ್ಸಾಪಿನಲ್ಲಿ ಎರಡು ಸುದ್ದಿ ಓಡಾಡುತ್ತಿವೆ. ಅಮೆರಿಕದ ಗಗನಯಾನಿ ಸ್ಕಾಟ್ ಕೆಲ್ಲಿ ಅವರ ಡಿಎನ್ಎ ಶೇಕಡಾ 7ರಷ್ಟು ಬದಲಾಗಿ ಅವಳಿ ಅಣ್ಣನಿಗಿಂತ ಬೇರೆ ಮನುಷ್ಯ ಆದರು ಅಂತ ಒಂದು. ಸುನೀತಾ ಅವರ ಮುಖ ಸೊರಗಿದೆ, ಊಟ ಇಲ್ಲ ಅಂತ ಇನ್ನೊಂದು. ಎರಡೂ ತಪ್ಪು.

ಸ್ಕಾಟ್ 2015ರ ಮಾರ್ಚ್‌ನಿಂದ 340 ದಿನ ಮೇಲಿದ್ದರು. ಅವರ ಅವಳಿ ಮಾರ್ಕ್ ಕೆಳಗಿದ್ದರು. ಇಬ್ಬರ ರಕ್ತ, ಮೂತ್ರ, ಕಣ್ಣು, ಬುದ್ಧಿ ಚುರುಕು ಎಲ್ಲ ಹೋಲಿಸಿ 2019ರಲ್ಲಿ ವರದಿ ಬಂತು. ಬದಲಾದದ್ದು ಡಿಎನ್ಎ ಅಲ್ಲ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನೋದು. ಅದರಲ್ಲೂ ಶೇಕಡಾ 90ಕ್ಕಿಂತ ಹೆಚ್ಚು ಆರು ತಿಂಗಳಲ್ಲಿ ಮೊದಲಿನಂತಾಯಿತು. ಆಶ್ಚರ್ಯ ಅಂದರೆ ವರ್ಣತಂತುಗಳ ತುದಿಯ ಟೆಲೊಮಿಯರ್. ವಯಸ್ಸಾದಂತೆ ಚಿಕ್ಕದಾಗುವ ಭಾಗ ಅದು. ಮೇಲಿದ್ದಾಗ ಉದ್ದವಾಗಿತ್ತು! ವಾಪಸು ಬಂದ ಕೂಡಲೇ ಬೇಗ ಬೇಗ ಚಿಕ್ಕದಾಯಿತು. ಆಮೇಲೆ ಕೆಲವು ತಿಂಗಳು ಯೋಚನೆಯ ವೇಗವೂ ನಿಖರತೆಯೂ ಸ್ವಲ್ಪ ಕುಗ್ಗಿತ್ತು.

ಸುನೀತಾ ಅವರು ತೂಕ ಮೊದಲಿದ್ದಷ್ಟೇ ಇದೆ ಅಂತ ಅಲ್ಲಿಂದಲೇ ಹೇಳಿದ್ದರು. ಮೈಯ ನೀರು ಮೇಲೇರಿ ಮುಖದ ಆಕಾರ ಬದಲಾಗುತ್ತದೆ, ಸಿಸ್ಟರ್ ಹೇಳಿದ ಹಾಗೆ.

ಎಕ್ಸ್‌ರೇ ರೂಮು (ದಾವಣಗೆರೆ)

ವಿಕಿರಣದ ಲೆಕ್ಕ ನನ್ನದು. ನಾವು ಎದೆಗೆ ಬ್ಯಾಡ್ಜ್ ಹಾಕಿಕೊಂಡು ಸೀಸದ ಗೋಡೆ ಹಿಂದೆ ನಿಂತು ಬಟನ್ ಒತ್ತುವವರು. ಭೂಮಿ ಮೇಲೆ ಒಬ್ಬ ಮನುಷ್ಯನಿಗೆ ಸಹಜವಾಗಿ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣದ ಅಳತೆ) ಬೀಳುತ್ತದೆ. ನಿಲ್ದಾಣದಲ್ಲಿ ದಿನಕ್ಕೇ ಅರ್ಧ ಮಿಲಿಸೀವರ್ಟಿಗಿಂತ ಕಮ್ಮಿ ಇಲ್ಲ. ಅಂದರೆ ಇಲ್ಲಿನ ಒಂದು ವರ್ಷದ್ದು ಅಲ್ಲಿ ಐದು ದಿನದೊಳಗೇ. ಅದೂ ಭೂಮಿಯ ಕಾಂತಕ್ಷೇತ್ರದ ಕೊಡೆ ಇರುವಾಗ.

ಕೊಡೆಯಾಚೆ ಹೋದರೆ? ಕ್ಯೂರಿಯಾಸಿಟಿ ರೋವರ್ 2011-12ರಲ್ಲಿ ಮಂಗಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅಳೆದುಕೊಂಡು ಹೋಯಿತು. ದಿನಕ್ಕೆ ಸುಮಾರು 1.8. ಹೋಗಿ ಬರುವ ದಾರಿಗೇ ಸುಮಾರು 660 ಆಗುತ್ತದೆ. ನಾಸಾ ಒಬ್ಬ ಯಾನಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟಿರುವ ಮಿತಿ 600. ಇಳಿದು ಅಲ್ಲಿ ಕಳೆಯುವ ದಿನಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಸೀಸದ ತಗಡು ಹೊದಿಸಿದರೆ ಆಯ್ತಲ್ಲ ಅಂತ ಕೇಳುತ್ತಾರೆ. ಎಕ್ಸ್‌ರೇಗೆ ಆದೀತು. ಅಲ್ಲಿ ಬರುವುದು ಭಾರೀ ವೇಗದ ಕಣಗಳು. ಅವು ಸೀಸಕ್ಕೆ ಬಡಿದು ಇನ್ನಷ್ಟು ಚೂರುಗಳನ್ನು ಹಾರಿಸುತ್ತವೆ. ಅದಕ್ಕಿಂತ ನೀರು, ಪಾಲಿಥೀನ್ ಮೇಲು. ಕಣ್ಣು ಮುಚ್ಚಿ ಮಲಗಿದಾಗಲೂ ರೆಪ್ಪೆಯೊಳಗೆ ಮಿಂಚು ಕಾಣುತ್ತದೆ ಅಂತ ಅಪೊಲೊ ಯಾನಿಗಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಆ ಕಣಗಳೇ ಕಣ್ಣನ್ನು ಹಾದುಹೋಗುವುದು.

ಹಾಸನದ ರೈತ

ಎಲ್ಲ ಓದಿದೆ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಮೂರು ದಿನ ಡಾಕ್ಟರ್ ಇಲ್ಲ. ನಾಲ್ಕು ಜನರನ್ನು ಮೇಲೆ ಕಳಿಸಿ ಅವರ ಮೂಳೆ ಅಳೆಯುವ ದುಡ್ಡು ಇಲ್ಲಿಗೆ ಬರಬಾರದಾ?

ಧಾರವಾಡ ಫಿಸಿಯೋ

ಅಣ್ಣ, ನಿಮ್ಮ ಮಾತನ್ನು ತೆಗೆದುಹಾಕುವಂತಿಲ್ಲ. ಡಾಕ್ಟರ್ ಬರಲೇಬೇಕು. ಅದು ಇದಕ್ಕೆ ಕಾಯಬಾರದು, ಇದೂ ಅದಕ್ಕೆ ಅಡ್ಡ ಬರಬಾರದು. ನನ್ನ ಕೆಲಸದಲ್ಲಿ ಇದರಿಂದ ಏನು ಸಿಕ್ಕಿತು ಅಂತ ಮಾತ್ರ ಹೇಳಬಲ್ಲೆ.

ಮುದುಕರಲ್ಲಿ ಮೂಳೆ ಸವೆದದ್ದು ವಯಸ್ಸಿನಿಂದಲೋ, ಊಟದಿಂದಲೋ, ಕಾಯಿಲೆಯಿಂದಲೋ, ಸುಮ್ಮನೆ ಮಲಗಿದ್ದರಿಂದಲೋ ಅಂತ ಬಿಡಿಸಿ ಹೇಳುವುದು ಕಷ್ಟ. ಗಗನಯಾನಿಗಳಲ್ಲಿ ಅದು ಬಿಡಿಸಿಯೇ ಸಿಗುತ್ತದೆ. ಊಟ ಚೆನ್ನಾಗಿದೆ, ಕಾಯಿಲೆ ಇಲ್ಲ. ಹೋದದ್ದು ಭಾರ ಒಂದೇ. ಆದರೂ ಸೊಂಟ, ಕಾಲಿನಂಥ ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕರಗುತ್ತವೆ. ಮೂಳೆಯಲ್ಲಿ ಹಳೆಯದನ್ನು ಒಡೆಯುವ ಕೂಲಿಗಳೂ ಹೊಸದನ್ನು ಕಟ್ಟುವ ಗಾರೆಯವರೂ ದಿನಾ ಕೆಲಸದಲ್ಲಿರುತ್ತಾರೆ. ಮೇಲೆ ಭಾರ ಬಿದ್ದರೆ ಮಾತ್ರ ಗಾರೆಯವರಿಗೆ ಕರೆ ಹೋಗುತ್ತದೆ. ಭಾರ ಇಲ್ಲದಿದ್ದರೆ ಒಡೆಯುವವರು ಮಾತ್ರ ಬರುತ್ತಾ ಇರುತ್ತಾರೆ. ಕರಗಿದ ಸುಣ್ಣ ಮೂತ್ರಕ್ಕೆ ಹೋಗುತ್ತದೆ, ಅದರಿಂದ ಕಿಡ್ನಿ ಕಲ್ಲಿನ ಭಯ ಬೇರೆ.

ಅಲ್ಲಿ ಡಂಬಲ್ಲಿಗೆ ತೂಕವೇ ಇಲ್ಲ, ಎತ್ತಿ ಪ್ರಯೋಜನ ಏನು? ಮೊದಲು ರಬ್ಬರ್ ಎಳೆತದ ಯಂತ್ರ ಇಟ್ಟಿದ್ದರು. ಮೂಳೆಗೆ ಸಾಲಲಿಲ್ಲ. 2008ರಲ್ಲಿ ಹೊಸ ಯಂತ್ರ ಹೋಯಿತು. ಗಾಳಿ ತೆಗೆದ ಎರಡು ಸಿಲಿಂಡರುಗಳ ಪಿಸ್ಟನ್ನನ್ನು ಎಳೆಯಬೇಕು. 270 ಕಿಲೋ ಎತ್ತಿದಷ್ಟು ಭಾರದವರೆಗೂ ಬೈಠಕ್ ಹೊಡೆಯಬಹುದು. ಟ್ರೆಡ್‌ಮಿಲ್ ಮೇಲೆ ಓಡಬೇಕಾದರೆ ಹೆಗಲಿಗೂ ಸೊಂಟಕ್ಕೂ ಪಟ್ಟಿ ಬಿಗಿದು ಕೆಳಕ್ಕೆ ಜಗ್ಗಿಸಿಕೊಳ್ಳಬೇಕು, ಇಲ್ಲದಿದ್ದರೆ ಒಂದೇ ಹೆಜ್ಜೆಗೆ ತೇಲಿಹೋಗುತ್ತಾರೆ. ಸಲಕರಣೆ ಜೋಡಿಸುವುದೂ ಸೇರಿ ದಿನಕ್ಕೆ ಎರಡು ಎರಡೂವರೆ ಗಂಟೆ ಇದಕ್ಕೇ. ಹೊಸ ಯಂತ್ರ ಬಂದ ಮೇಲೆ, ಚೆನ್ನಾಗಿ ತಿಂದು ಜೋರಾಗಿ ಭಾರ ಎತ್ತಿದವರ ಮೂಳೆ ಮೊದಲಿನವರಿಗಿಂತ ಎಷ್ಟೋ ಚೆನ್ನಾಗಿ ಉಳಿಯಿತು. ಸುಮ್ನೆ ಕೈಕಾಲು ಆಡಿಸಿದರೆ ಸಾಲದು, ಮೂಳೆಗೆ ಭಾರ ಬೀಳಬೇಕು ಅಂತ ನನ್ನ ಪೇಷೆಂಟಿಗೆ ಧೈರ್ಯವಾಗಿ ಹೇಳುವಾಗ ಇದನ್ನೇ ನೆನೆಯುತ್ತೇನೆ.

ಮುಚ್ಚಿಡದೆ ಇನ್ನೊಂದು ಮಾತು. ಎಲ್ಲವೂ ವಾಪಸು ಬರುವುದಿಲ್ಲ. 17 ಯಾನಿಗಳ ಮೊಣಕಾಲ ಕೆಳಗಿನ ಮೂಳೆಯನ್ನು ಇಳಿದು ಒಂದು ವರ್ಷವಾದ ಮೇಲೆ ನೋಡಿದರು. ಹೆಚ್ಚಿನವರಲ್ಲಿ ಪೂರ್ತಿ ಸರಿಹೋಗಿರಲಿಲ್ಲ. ಒಳಗಿನ ಜಾಲರಿಯ ಎಳೆ ಒಮ್ಮೆ ಕಡಿದುಹೋದರೆ, ಇರುವ ಎಳೆ ದಪ್ಪವಾಗಬಹುದು, ಕಡಿದದ್ದು ಮತ್ತೆ ಕೂಡುವುದು ಕಷ್ಟ.

ಹಾಸನದ ರೈತ

ಗಾರೆಯವರ ಮಾತು ಅರ್ಥ ಆಯಿತು. ನಮ್ಮ ಅಪ್ಪ ಎಂಬತ್ತರಲ್ಲೂ ಹುಲ್ಲಿನ ಹೊರೆ ಹೊರುತ್ತಾರೆ, ಬೇಡ ಅಂತ ಜಗಳ ಮಾಡುತ್ತಿದ್ದೆ. ಚಿಕ್ಕ ಹೊರೆ ಕಟ್ಟಿಕೊಡುತ್ತೇನೆ ಇನ್ನು. ಡಾಕ್ಟರ್ ವಿಷಯ ಮಾತ್ರ ನಾನು ಬಿಡುವುದಿಲ್ಲ.

ಮೈಸೂರು ಸಿದ್ಧಾರ್ಥನಗರ

ಊಟದ ಬಗ್ಗೆ ಒಂದು ಸಣ್ಣ ಮಾತು. ಮೂಗು ಕಟ್ಟಿರುವುದರಿಂದ ಅಲ್ಲಿ ರುಚಿ ಮಂಕು. ಖಾರ, ಹುಳಿ ಬೇಕು ಅನಿಸುತ್ತದಂತೆ. 1984ರಲ್ಲಿ ರಾಕೇಶ್ ಶರ್ಮಾ ಹೋದಾಗ ನಮ್ಮ ಬಡಾವಣೆಯ ರಕ್ಷಣಾ ಆಹಾರ ಪ್ರಯೋಗಾಲಯದಲ್ಲಿ ಮಾಡಿದ ತಿಂಡಿ ಜೊತೆಗೆ ಹೋಗಿತ್ತು. ಅವರು ಅಲ್ಲಿ ಯೋಗವನ್ನೂ ಮಾಡಿ ನೋಡಿದ್ದರು. ಶುಭಾಂಶು ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ ಒಯ್ದಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಕೊಟ್ಟ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆ ಒಡೆದವು. ದೂರದ ಪ್ರಯಾಣದಲ್ಲಿ ತಾಜಾ ಊಟಕ್ಕೆ ಅದು ದಾರಿ. ಸ್ನಾಯು ಹೇಗೆ ಕರಗುತ್ತದೆ ಅನ್ನುವ ಬೆಂಗಳೂರಿನವರ ಪ್ರಯೋಗವನ್ನೂ ಶುಭಾಂಶು ಅವರೇ ಅಲ್ಲಿ ಮಾಡಿದರು.

ತುಂಗಾತೀರದವಳು (ಶಿವಮೊಗ್ಗ)

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ. ಸಿಸ್ಟರ್ ಹೇಳಿದ ಹಾಗೆ ದಿಂಬು, ಮಂಚದ ಅಂಚು, ಆಮೇಲೆ ನಿಲ್ಲುವುದು. ಇಲ್ಲಿನ ಫಿಸಿಯೋ ಮನೆಗೇ ಬರುತ್ತಿದ್ದಾರೆ. ಮೊದಲ ದಿನ ಕಿಟಕಿಯ ಸರಳು ಹಿಡಿದು 20 ಎಣಿಸುವಷ್ಟು ನಿಂತರು. ಇವತ್ತು ವಾಕರ್ ಹಿಡಿದು ಅಡುಗೆಮನೆ ತನಕ ಬಂದರು. ತಲೆ ತಿರುಗಲಿಲ್ಲ.

ಪಾದದ ಚರ್ಮ ಮಾತ್ರ ಹಾಳೆ ಹಾಳೆಯಾಗಿ ಸುಲಿಯುತ್ತಿದೆ. ಹೆದರಬೇಕಾ?

ಐಸಿಯು ನರ್ಸ್ (ಮಂಗಳೂರು)

ನಡೆಯದಿದ್ದಾಗ ಅಂಗಾಲಿನ ಗಟ್ಟಿ ಚರ್ಮ ಬೇಡವಾಗಿ ಉದುರುತ್ತದೆ. ಗಗನಯಾನಿಗಳಿಗೂ ಹೀಗೇ. ಕಾಲುಚೀಲ ತೆಗೆಯುವಾಗ ಚರ್ಮದ ಚೂರು ತೇಲಾಡದಿರಲಿ ಅಂತ ಮೆಲ್ಲಗೆ ತೆಗೆಯುತ್ತಾರೆ. ಕಾಲು ಸಿಕ್ಕಿಸಿ ನಿಲ್ಲುವ ಕಂಬಿಗೆ ಉಜ್ಜಿ ಪಾದದ ಮೇಲ್ಭಾಗ ಗಟ್ಟಿಯಾಗುತ್ತದೆ, ಅಂಗಾಲು ಮಗುವಿನದರಂತೆ ಮೆತ್ತಗಾಗುತ್ತದೆ. ಅಮ್ಮನಿಗೆ ಕೊಬ್ಬರಿ ಎಣ್ಣೆ ಸವರಿ, ಒರೆಸಿಬಿಡಿ, ಜಾರಬಾರದು. ಬರಿಗಾಲಲ್ಲಿ ನಡೆಸಬೇಡಿ. ಗಾಯ ಕಂಡರೆ, ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ತೋರಿಸಿ.

ತುಂಗಾತೀರದವಳು (ಶಿವಮೊಗ್ಗ)

ಸರಿ ಸಿಸ್ಟರ್. ವಾರಕ್ಕೊಂದು ಮೂಳೆಯ ಮಾತ್ರೆಯನ್ನೂ ಶುರುಮಾಡಿದ್ದಾರೆ. ಅಲೆಂಡ್ರೊನೇಟ್. ಖಾಲಿ ಹೊಟ್ಟೆ, ತುಂಬಿದ ಲೋಟ ನೀರು, ಅರ್ಧ ಗಂಟೆ ಮಲಗುವಂತಿಲ್ಲ.

ಧಾರವಾಡ ಫಿಸಿಯೋ

ಅದೇ ಮಾತ್ರೆಯನ್ನು ನಿಲ್ದಾಣದಲ್ಲೂ ವಾರಕ್ಕೊಂದು ಕೊಟ್ಟು ನೋಡಿದ್ದಾರೆ. ವ್ಯಾಯಾಮದ ಜೊತೆ ಅದನ್ನೂ ತೆಗೆದುಕೊಂಡವರ ಮೂಳೆ ಚೆನ್ನಾಗಿ ಉಳಿಯಿತು. ಬಿಡದೆ ಕೊಡಿ.

ರಷ್ಯಾದ ವೈದ್ಯ ವಲೇರಿ ಪೊಲ್ಯಕೊವ್ 1994-95ರಲ್ಲಿ ಒಂದೇ ಸಲಕ್ಕೆ 437 ದಿನ ಮೇಲಿದ್ದರು. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಮಂಗಳಕ್ಕೆ ಹೋದವನು ಇಳಿದು ನಡೆಯಬಲ್ಲ ಅಂತ ತೋರಿಸಬೇಕು ಅನ್ನುವುದು ಅವರ ಹಟ. ಇಳಿದ ದಿನ ಕ್ಯಾಪ್ಸೂಲಿನಿಂದ ಪಕ್ಕದ ಕುರ್ಚಿಗೆ ನಾಲ್ಕು ಹೆಜ್ಜೆ ತಾವೇ ನಡೆದರು. ಅಮ್ಮನಿಗೆ ಇದನ್ನು ಹೇಳಿ.

ತುಂಗಾತೀರದವಳು (ಶಿವಮೊಗ್ಗ)

ಹೇಳಿದೆ. "ಕುರ್ಚಿ ತನಕ ತಾನೇ, ನಾನು ಅಡುಗೆಮನೆ ತನಕ ಹೋದೆನಲ್ಲ" ಅಂದರು.

ನಾಳೆ ಹಿತ್ತಲಿಗೆ ಇಳಿಯಬೇಕಂತೆ. ಮೂರು ಮೆಟ್ಟಿಲಿದೆ. ಇಲ್ಲಿನ ಫಿಸಿಯೋ ಆಗಬಹುದು ಅಂದಿದ್ದಾರೆ, ಅವರೂ ಇರುತ್ತಾರೆ. ಆದರೂ ಕೇಳುತ್ತೇನೆ, ಯಾವ ಕಾಲು ಮೊದಲು?

ಧಾರವಾಡ ಫಿಸಿಯೋ

ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು. ಒಂದು ಕೈ ಕಟಕಟೆ ಮೇಲಿರಲಿ. ನೀವು ಒಂದು ಮೆಟ್ಟಿಲು ಕೆಳಗೆ, ಅಮ್ಮನ ಕಡೆ ಮುಖ ಮಾಡಿ ನಿಲ್ಲಿ. ಮೆಟ್ಟಿಲು ಒದ್ದೆ ಇರಬಾರದು. ಹತ್ತಿರದಲ್ಲೇ ಒಂದು ಕುರ್ಚಿ ಹಾಕಿಟ್ಟಿರಿ.